ಕಾರಣಗಳು ಎಲ್ಲೆಡೆ ಒಂದೇ, ಪರಿಣಾಮ ಮಾತ್ರ ದೇಶಕ್ಕೊಂದು ಬಗೆ

ಹದಿಹರೆಯದ ಹುಡುಗನೊಬ್ಬ ಚೂರಿ ಹಾಕಿದ, ಬೈಕ್ ಕದ್ದ, ಗುಂಪು ಕಟ್ಟಿಕೊಂಡು ಸಹಪಾಠಿಯನ್ನು ಹೊಡೆದ ಎಂಬ ಸುದ್ದಿ ಬಂದ ದಿನ ನಮ್ಮಲ್ಲಿ ಕಾರಣಗಳಿಗೆ ಬರವಿರುವುದಿಲ್ಲ. ಮೊಬೈಲು ಕೆಡಿಸಿತು, ಸಿನಿಮಾ ಕೆಡಿಸಿತು, ಗಾಂಜಾ ಕೆಡಿಸಿತು, ಹೆತ್ತವರು ಸಲಿಗೆ ಕೊಟ್ಟರು, ಶಾಲೆಯಲ್ಲಿ ಬೆತ್ತ ಮಾಯವಾಯಿತು ಎಂದು ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳಲ್ಲ. ಆದರೆ ಯಾವುದು ನಿಜವಾಗಿ ಕೆಲಸ ಮಾಡಿದ ಕಾರಣ, ಯಾವುದು ನಮ್ಮ ಸಿಟ್ಟಿಗೆ ಸುಲಭವಾಗಿ ಸಿಕ್ಕ ಗುರಿ ಎಂದು ಬೇರ್ಪಡಿಸಲು ಸುದ್ದಿಯ ಮೇಲಿನ ಚರ್ಚೆ ಸಾಲದು. ಸಾವಿರಾರು ಮಕ್ಕಳನ್ನು ಎಳವೆಯಲ್ಲೇ ಗುರುತಿಸಿ, ಅವರಲ್ಲಿ ಯಾರು ಮುಂದೆ ಅಪರಾಧಕ್ಕೆ ಇಳಿಯುತ್ತಾರೆ, ಯಾರು ಇಳಿಯುವುದಿಲ್ಲ ಎಂದು ದಶಕಗಳ ಕಾಲ ಕಾದು ನೋಡಬೇಕು. ಒಂದೇ ದೇಶದಲ್ಲಿ ನೋಡಿದರೂ ಸಾಲದು. ಜಗತ್ತಿನ ಹಲವು ಕಡೆ ಅರವತ್ತು ವರ್ಷಗಳಿಂದ ಈ ಕೆಲಸ ನಡೆದಿದೆ. ಅದರಿಂದ ಎರಡು ಸಂಗತಿಗಳು ಗಟ್ಟಿಯಾಗಿ ಹೊರಬಂದಿವೆ. ಮಕ್ಕಳನ್ನು ಅಪರಾಧದ ಕಡೆಗೆ ದೂಡುವ ಅಂಶಗಳು ಬಹುಮಟ್ಟಿಗೆ ಎಲ್ಲ ದೇಶಗಳಲ್ಲೂ ಒಂದೇ ಎಂಬುದು ಮೊದಲನೆಯದು. ಆ ಅಂಶಗಳು ನಿಜವಾದ ಅಪರಾಧವಾಗಿ ಬಲಿಯುತ್ತವೆಯೇ ಎಂಬುದು ಮಗುವಿನ ಸುತ್ತಲಿನ ಹಿರಿಯರು, ಶಾಲೆ, ಪೊಲೀಸು, ಸರ್ಕಾರ ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ ಎಂಬುದು ಎರಡನೆಯದು. ಮೊದಲನೆಯದನ್ನು ನಾವು ಅಷ್ಟಿಷ್ಟು ಒಪ್ಪುತ್ತೇವೆ. ಎರಡನೆಯದನ್ನು ಒಪ್ಪಿದರೆ ಹೊಣೆ ನಮ್ಮ ತಲೆಗೇ ಬರುತ್ತದೆ.

ಈ ಬಗೆಯ ಅಧ್ಯಯನಗಳಲ್ಲಿ ಹೆಸರಾದದ್ದು ಲಂಡನ್ನಿನದು. 1961ರಲ್ಲಿ ದಕ್ಷಿಣ ಲಂಡನ್ನಿನ ದುಡಿಯುವ ವರ್ಗದ ಬಡಾವಣೆಯೊಂದರ 411 ಹುಡುಗರನ್ನು, ಅವರು ಎಂಟು-ಒಂಬತ್ತು ವರ್ಷದವರಿದ್ದಾಗ, ಡೊನಾಲ್ಡ್ ವೆಸ್ಟ್ ಎಂಬ ಸಂಶೋಧಕರು ಆರಿಸಿಕೊಂಡರು. ಆಮೇಲೆ ಡೇವಿಡ್ ಫ್ಯಾರಿಂಗ್ಟನ್ ಅದನ್ನು ಮುಂದುವರಿಸಿ, ಆ ಹುಡುಗರು ನಡುವಯಸ್ಸು ದಾಟುವವರೆಗೂ ಮತ್ತೆ ಮತ್ತೆ ಮಾತಾಡಿಸುತ್ತಾ ಹೋದರು. ಮನೆಯ ಆದಾಯವೆಷ್ಟು, ಮಕ್ಕಳೆಷ್ಟು, ಅಪ್ಪ-ಅಮ್ಮನ ನಡುವೆ ಜಗಳವಿದೆಯೇ, ಹುಡುಗ ಸಂಜೆ ಎಲ್ಲಿರುತ್ತಾನೆಂದು ಮನೆಯವರಿಗೆ ಗೊತ್ತೇ, ತರಗತಿಯಲ್ಲಿ ಅವನ ಬಗ್ಗೆ ಶಿಕ್ಷಕರು ಏನೆನ್ನುತ್ತಾರೆ ಎಂದು ಎಲ್ಲವನ್ನೂ ಬರೆದಿಟ್ಟರು. ಐವತ್ತನೇ ವಯಸ್ಸಿಗೆ ಬರುವಷ್ಟರಲ್ಲಿ ಆ ಹುಡುಗರಲ್ಲಿ ನೂರಕ್ಕೆ 41 ಮಂದಿಗೆ ಒಮ್ಮೆಯಾದರೂ ಶಿಕ್ಷೆಯಾಗಿತ್ತು. ಆದರೆ ಒಟ್ಟು ಶಿಕ್ಷೆಗಳಲ್ಲಿ ಸುಮಾರು ಅರ್ಧದಷ್ಟು ನೂರಕ್ಕೆ ಏಳು ಮಂದಿಯ ಹೆಸರಿನಲ್ಲೇ ಇದ್ದವು. ಎಂಟು-ಹತ್ತರ ವಯಸ್ಸಿನಲ್ಲೇ ಈ ಸಣ್ಣ ಗುಂಪನ್ನು ಉಳಿದವರಿಂದ ಬೇರೆಯಾಗಿ ತೋರಿಸಿದ ಅಂಶಗಳು ಇವು: ಮನೆಯ ಬಡತನ, ಮಕ್ಕಳು ಹೆಚ್ಚಿರುವ ಕುಟುಂಬ, ಶಿಕ್ಷೆಯಾಗಿದ್ದ ತಂದೆ ಅಥವಾ ತಾಯಿ, ಕಣ್ಣಿಡುವವರಿಲ್ಲದ ಮನೆ, ಇಲ್ಲವೇ ಒಮ್ಮೆ ಮುದ್ದು ಮಾಡಿ ಒಮ್ಮೆ ಬಡಿಯುವ ಮನೆ, ಓದಿನಲ್ಲಿ ಹಿಂದೆ ಬಿದ್ದಿರುವುದು, ಮುಂದಾಲೋಚನೆಯಿಲ್ಲದೆ ಕೈ ಹಾಕುವ ಸ್ವಭಾವ.

ಈ ಪಟ್ಟಿ ಲಂಡನ್ನಿನ ಆ ಕಾಲಕ್ಕೆ, ಆ ಬೀದಿಗಳಿಗೆ ಮಾತ್ರ ಸಲ್ಲುವಂಥದೇ? ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1987ರಲ್ಲಿ ರೋಲ್ಫ್ ಲೋಬರ್ ಅವರ ತಂಡ ಸರ್ಕಾರಿ ಶಾಲೆಗಳ ಹುಡುಗರನ್ನು ಹಿಂಬಾಲಿಸತೊಡಗಿತು. ಕಾಲ ಬೇರೆ, ಖಂಡ ಬೇರೆ. ಲಂಡನ್ನಿನ ಹುಡುಗರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ಇಲ್ಲಿ ಅರ್ಧದಷ್ಟು ಮಂದಿ ಕಪ್ಪು ಜನಾಂಗದವರು. ಎರಡೂ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಪಾಯದ ಅಂಶಗಳು ಬಹುಪಾಲು ಹೊಂದಿಕೊಂಡವು. ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಹುಟ್ಟಿದ 9,945 ಹುಡುಗರ ಪೊಲೀಸ್ ದಾಖಲೆಗಳನ್ನು ಮಾರ್ವಿನ್ ವುಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು ತೆಗೆದು ನೋಡಿದಾಗ, ನೂರಕ್ಕೆ ಆರು ಮಂದಿ ಅರ್ಧಕ್ಕೂ ಹೆಚ್ಚು ಅಪರಾಧಗಳಿಗೆ ಕಾರಣರಾಗಿದ್ದರು. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇಂದಿಗೂ ಹಿಂಬಾಲಿಸಲಾಗುತ್ತಿದೆ. ಆ ಮಾಹಿತಿಯ ಮೇಲೆ ಕೆಲಸ ಮಾಡಿದ ಟೆರಿ ಮೊಫಿಟ್ 1993ರಲ್ಲಿ ಒಂದು ಮುಖ್ಯ ವಿಂಗಡಣೆ ಮಾಡಿದರು. ಹದಿಹರೆಯದಲ್ಲಿ ಪುಂಡಾಟ ಮಾಡಿ, ಕೆಲಸ-ಸಂಸಾರ ಬಂದ ಮೇಲೆ ತಾವಾಗಿಯೇ ಬಿಡುವ ದೊಡ್ಡ ಗುಂಪು ಒಂದು. ಮೂರು ವರ್ಷಕ್ಕೇ ಹೊಡೆದಾಟ ಶುರುಮಾಡಿ ಬದುಕಿಡೀ ಅದನ್ನೇ ಮುಂದುವರಿಸುವ ಪುಟ್ಟ ಗುಂಪು ಇನ್ನೊಂದು. ಇವರಿಬ್ಬರಿಗೂ ಒಂದೇ ಮದ್ದು ಕೊಡಲಾಗದು. ದೊಡ್ಡ ಗುಂಪಿಗೆ ಬೇಕಾದದ್ದು ತಪ್ಪಿನಿಂದ ಹೊರಬರಲು ದಾರಿ; ಪುಟ್ಟ ಗುಂಪಿಗೆ ಬೇಕಾದದ್ದು ಎಳವೆಯಲ್ಲೇ ನೆರವು.

ಆದರೆ ಇವೆಲ್ಲ ಪಶ್ಚಿಮದ ಊರುಗಳು, ನಮ್ಮ ಕುಟುಂಬ ಬೇರೆ, ಸಂಸ್ಕೃತಿ ಬೇರೆ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಹುಡುಕಲು ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರ ಕೆಲಸವನ್ನು ನೋಡಬಹುದು. ಭಾರತ, ಚೀನಾ, ಕೀನ್ಯಾ, ಕೊಲಂಬಿಯಾ, ಜೋರ್ಡಾನ್, ಥಾಯ್ಲೆಂಡ್, ಫಿಲಿಪೈನ್ಸ್, ಸ್ವೀಡನ್, ಇಟಲಿ, ಸೈಪ್ರಸ್, ಅಮೆರಿಕ ಹೀಗೆ ಹನ್ನೊಂದು ದೇಶಗಳ, ಹತ್ತರಿಂದ ಮೂವತ್ತರ ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಅವರು ಒಂದೇ ಬಗೆಯ ಪರೀಕ್ಷೆಗಳಿಗೆ ಒಡ್ಡಿದರು. ನಮ್ಮ ದೇಶದವರು ದೆಹಲಿಯವರು. ರೋಮಾಂಚನದ ಬಯಕೆ ಹದಿಹರೆಯದಲ್ಲಿ ಏರುತ್ತಾ ಹೋಗಿ ಹತ್ತೊಂಬತ್ತರ ಹೊತ್ತಿಗೆ ತುದಿ ಮುಟ್ಟುತ್ತದೆ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಇಪ್ಪತ್ತು ದಾಟಿದ ಮೇಲೂ ನಿಧಾನವಾಗಿ ಬೆಳೆಯುತ್ತದೆ. ಈ ನಡೆ ಬಹುತೇಕ ಎಲ್ಲ ದೇಶಗಳಲ್ಲೂ ಕಂಡಿತು. ಅಂದರೆ ವಯಸ್ಸಿನ ಒತ್ತಡ ಎಲ್ಲರಿಗೂ ಸಮಾನ. ಆದರೆ ಆ ಒತ್ತಡ ಬೀದಿಯಲ್ಲಿ ನಿಜವಾದ ಅಪಾಯಕಾರಿ ನಡತೆಯಾಗಿ ಹೊರಬರುವ ಪ್ರಮಾಣ ದೇಶದಿಂದ ದೇಶಕ್ಕೆ ತುಂಬ ಬದಲಾಯಿತು. ಒಳಗಿನ ತುಡಿತ ಒಂದೇ ಆಗಿದ್ದರೂ ಅದಕ್ಕೆ ಸಿಗುವ ಅವಕಾಶ, ಬೀಳುವ ಕಡಿವಾಣ, ಸುತ್ತಲಿನ ಹಿರಿಯರ ಸಹವಾಸ ಬೇರೆಯಾದರೆ ಫಲವೂ ಬೇರೆ.

ಅಪರಾಧ ಮತ್ತು ವಯಸ್ಸಿನ ಸಂಬಂಧದಲ್ಲೂ ಇದೇ ಕಾಣುತ್ತದೆ. ಅಪರಾಧ ಹದಿಹರೆಯದ ಕೊನೆಗೆ ತುದಿಗೇರಿ ಇಳಿಯುವುದು ಪ್ರಕೃತಿ ನಿಯಮ ಎಂದೇ ಅಮೆರಿಕದ ವಿದ್ವಾಂಸರು ಬಹುಕಾಲ ನಂಬಿದ್ದರು. ಡಾರೆಲ್ ಸ್ಟೆಫೆನ್ಸ್‌ಮೈಯರ್ ಮತ್ತು ಸಂಗಡಿಗರು ತೈವಾನ್ ಹಾಗೂ ಭಾರತದ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಆ ರೇಖೆ ಇಲ್ಲಿ ಹಾಗಿರಲಿಲ್ಲ. ಈ ದೇಶಗಳಲ್ಲಿ ಬಂಧಿತರ ಪ್ರಮಾಣ ತುದಿಗೇರುವುದು ಹದಿಹರೆಯ ದಾಟಿದ ಬಳಿಕ. ಭಾರತದಲ್ಲಿ 2022ರಲ್ಲಿ ಬಾಲಕರ ಮೇಲೆ ದಾಖಲಾದ ಪ್ರಕರಣಗಳು 30,555 ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಹೇಳುತ್ತದೆ. ಅದೇ ವರ್ಷ ದೇಶದಲ್ಲಿ ದಾಖಲಾದ ಒಟ್ಟು ಅಪರಾಧ ಪ್ರಕರಣಗಳು 58 ಲಕ್ಷಕ್ಕೂ ಹೆಚ್ಚು. ಅಂದರೆ ಹೆಚ್ಚುಕಡಿಮೆ ಇನ್ನೂರಕ್ಕೆ ಒಂದು. ಪೊಲೀಸ್ ಲೆಕ್ಕಕ್ಕೆ ಸಿಗದ ಅಪರಾಧಗಳು ಎಲ್ಲ ದೇಶಗಳಲ್ಲೂ ಇರುತ್ತವೆ, ಹಾಗಾಗಿ ಇದೇ ಅಂತಿಮ ಸತ್ಯ ಎನ್ನಲಾಗದು. ಆದರೂ ನಮ್ಮ ಹದಿಹರೆಯದವರು ಕೈಮೀರಿ ಹೋಗಿದ್ದಾರೆ ಎಂಬ ಕೂಗಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಮನೆ, ಬಂಧುಬಳಗ, ಓಣಿಯ ಹಿರಿಯರು ಹದಿಹರೆಯದವರ ಮೇಲೆ ಕಣ್ಣಿಡುವ ಪದ್ಧತಿ ಇನ್ನೂ ಉಳಿದಿರುವುದು ಇದಕ್ಕೆ ಒಂದು ಕಾರಣವೆಂದು ಸ್ಟೆಫೆನ್ಸ್‌ಮೈಯರ್ ತಂಡ ಕಾಣುತ್ತದೆ. ಅದು ನಮಗೆ ಹಿಂದಿನವರಿಂದ ಬಂದ ಆಸ್ತಿ. ಊರು ಬಿಟ್ಟು ಕಟ್ಟಡ ಕೆಲಸದ ಶೆಡ್ಡುಗಳಿಗೆ ಬಂದು ನೆಲೆಸುವ, ಗಂಡ-ಹೆಂಡತಿ ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಕುಟುಂಬಗಳಲ್ಲಿ ಅದು ಕರಗುತ್ತಿದೆ.

ಒಂದೇ ಅಪಾಯ ಎರಡು ದೇಶಗಳಲ್ಲಿ ಎರಡು ಫಲ ಕೊಡುವುದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ತಂದೆ-ತಾಯಿ ಜೈಲಿಗೆ ಹೋದ ಮಕ್ಕಳ ಕುರಿತ ಹೋಲಿಕೆ. ಲಂಡನ್ನಿನ ಆ 411 ಹುಡುಗರ ಓರಗೆಯವರನ್ನೇ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲೂ ಹಿಂಬಾಲಿಸಲಾಗಿತ್ತು. 1953ರಲ್ಲಿ ಹುಟ್ಟಿ 1963ರಲ್ಲಿ ಆ ನಗರದಲ್ಲಿದ್ದ 15,117 ಮಕ್ಕಳು. ಜೋಸೆಫ್ ಮರ್ರೆ, ಕಾರ್ಲ್-ಗುನ್ನಾರ್ ಯಾನ್ಸನ್, ಫ್ಯಾರಿಂಗ್ಟನ್ 2007ರಲ್ಲಿ ಎರಡನ್ನೂ ಹೋಲಿಸಿದರು. ಎರಡೂ ಕಡೆ ಜೈಲಿಗೆ ಹೋದವರ ಮಕ್ಕಳು ಮುಂದೆ ಅಪರಾಧಕ್ಕಿಳಿಯುವುದು ಹೆಚ್ಚಿತ್ತು. ಆದರೆ ತಂದೆ-ತಾಯಿಯ ಅಪರಾಧ ಎಷ್ಟಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇಂಗ್ಲೆಂಡಿನಲ್ಲಿ ಜೈಲುವಾಸದ ಪ್ರಭಾವ ಪ್ರತ್ಯೇಕವಾಗಿ ಉಳಿಯಿತು, ಸ್ವೀಡನ್ನಿನಲ್ಲಿ ಉಳಿಯಲಿಲ್ಲ. ಇಂಗ್ಲೆಂಡಿನ ಮಕ್ಕಳು ಹೆತ್ತವರ ಅಪರಾಧದಿಂದ ಒಮ್ಮೆ, ಅವರಿಗೆ ಕೊಟ್ಟ ಶಿಕ್ಷೆಯಿಂದ ಇನ್ನೊಮ್ಮೆ ಪೆಟ್ಟು ತಿಂದರು ಎಂದಾಯಿತು. ಸ್ವೀಡನ್ನಿನಲ್ಲಿ ಜೈಲಿನ ಅವಧಿ ಕಡಿಮೆ, ಕುಟುಂಬದವರು ಕೈದಿಯನ್ನು ಭೇಟಿಯಾಗಲು ಅನುಕೂಲ ಹೆಚ್ಚು, ದುಡಿಯುವವನು ಒಳಗಿದ್ದರೂ ಮನೆ ನಡೆಯುವಷ್ಟು ಸರ್ಕಾರದ ಆಸರೆ, ಮಗುವನ್ನು ಕಳ್ಳನ ಮಗ ಎಂದು ದೂರವಿಡದ ಸಮಾಜ ಇದ್ದವು ಎಂದು ಸಂಶೋಧಕರು ವಿವರಿಸುತ್ತಾರೆ. ನಮ್ಮ ದೇಶದ ಜೈಲುಗಳಲ್ಲಿರುವವರಲ್ಲಿ ಬಹುಪಾಲು ಇನ್ನೂ ವಿಚಾರಣೆ ಮುಗಿಯದ ಕೈದಿಗಳು. ಅವರ ಮನೆಗಳಲ್ಲಿರುವ ಮಕ್ಕಳ ಬಗ್ಗೆ ಸಾರ್ವಜನಿಕ ಚರ್ಚೆಯೇ ನಡೆಯುವುದಿಲ್ಲ.

ಶಾಲೆ ಮತ್ತು ನ್ಯಾಯ ವ್ಯವಸ್ಥೆಯೇ ಅಪಾಯದ ಅಂಶವಾಗಬಹುದು ಎಂಬುದನ್ನು ಎಡಿನ್‌ಬರೋದ ಅಧ್ಯಯನ ತೋರಿಸಿತು. 1998ರಲ್ಲಿ ಆ ನಗರದಲ್ಲಿ ಪ್ರೌಢಶಾಲೆ ಸೇರಿದ ಸುಮಾರು 4,300 ಮಕ್ಕಳನ್ನು ಲೆಸ್ಲಿ ಮೆಕಾರಾ ಮತ್ತು ಸೂಸನ್ ಮೆಕ್‌ವೀ ಹಿಂಬಾಲಿಸಿದರು. ಒಂದೇ ಹಿನ್ನೆಲೆಯ, ಒಂದೇ ಮಟ್ಟದ ತಪ್ಪು ಮಾಡಿದ ಮಕ್ಕಳನ್ನು ಜೋಡಿ ಮಾಡಿ ನೋಡಿದಾಗ, ಅಧಿಕೃತ ವಿಚಾರಣೆಗೆ ಹೋದವರು ಹೋಗದವರಿಗಿಂತ ಸುಧಾರಿಸಿರಲಿಲ್ಲ. ಗಂಭೀರ ಅಪರಾಧವನ್ನು ಬಿಡುವುದರಲ್ಲಿ ಅವರೇ ಹಿಂದುಳಿದರು. ಹನ್ನೆರಡನೇ ವಯಸ್ಸಿಗೆ ಶಾಲೆಯಿಂದ ಹೊರಹಾಕಿಸಿಕೊಂಡ ಮಕ್ಕಳು ಇಪ್ಪತ್ತನಾಲ್ಕರೊಳಗೆ ಜೈಲು ಸೇರುವ ಸಂಭವ ಉಳಿದವರ ನಾಲ್ಕು ಪಟ್ಟು. ಶಿಕಾಗೋದಲ್ಲಿ ಅನ್ನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಇದನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ಅಲ್ಲಿ ಬಾಲಕರ ಪ್ರಕರಣಗಳು ಯಾವ ನ್ಯಾಯಾಧೀಶರ ಮುಂದೆ ಬರುತ್ತವೆ ಎಂಬುದು ಹೆಚ್ಚುಕಡಿಮೆ ಅದೃಷ್ಟದ ಮಾತು. ಬಿಗಿ ಸ್ವಭಾವದ ನ್ಯಾಯಾಧೀಶರ ಪಾಲಿಗೆ ಬಿದ್ದು ಬಂಧನದಲ್ಲಿದ್ದ ಹುಡುಗರು, ಅಂಥದೇ ತಪ್ಪು ಮಾಡಿ ಮನೆಗೆ ಮರಳಿದವರಿಗಿಂತ ಶಾಲೆ ಮುಗಿಸಿದ್ದು ಕಡಿಮೆ, ದೊಡ್ಡವರಾದ ಮೇಲೆ ಜೈಲಿಗೆ ಹೋದದ್ದು ಹೆಚ್ಚು. ಹುಡುಗರ ನಡುವೆ ಮೊದಲೇ ವ್ಯತ್ಯಾಸವಿತ್ತು ಎನ್ನಲು ಇಲ್ಲಿ ಆಸ್ಪದವಿಲ್ಲ. ಹದಿನೈದರ ಹುಡುಗನಿಗೆ ಶಾಲೆ ತಪ್ಪಿಸಿ, ತನ್ನಂಥವರ ಜೊತೆಗೇ ಹಗಲು-ರಾತ್ರಿ ಇಟ್ಟು, ಹಣೆಗೆ ಹೆಸರು ಹಚ್ಚಿ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ತಪ್ಪೆಲ್ಲ ಹೆತ್ತವರದು ಎನ್ನುವವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಮಗ ಎಲ್ಲಿದ್ದಾನೆ, ಯಾರ ಜೊತೆಗಿದ್ದಾನೆ ಎಂದು ತಿಳಿದಿರುವ ಮನೆ ದೊಡ್ಡ ರಕ್ಷಣೆ ಎಂದು ಎಲ್ಲ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಆದರೆ ಆ ಕಣ್ಗಾವಲು ಬರುವುದು ಎಲ್ಲಿಂದ? ಅಮೆರಿಕದ ನಾರ್ತ್ ಕೆರೊಲಿನಾದ ಸ್ಮೋಕಿ ಬೆಟ್ಟಗಳ ಸೀಮೆಯಲ್ಲಿ ಜೇನ್ ಕಾಸ್ಟೆಲ್ಲೊ 1993ರಿಂದ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ಗಮನಿಸುತ್ತಿದ್ದರು. ಅವರಲ್ಲಿ ನಾಲ್ಕರಲ್ಲೊಂದು ಪಾಲು ಚೆರೋಕೀ ಮೂಲನಿವಾಸಿ ಮಕ್ಕಳು. ಅಧ್ಯಯನದ ನಡುವೆಯೇ ಆ ಬುಡಕಟ್ಟಿನ ನೆಲದಲ್ಲಿ ಕ್ಯಾಸಿನೊ ಒಂದು ಶುರುವಾಗಿ, ಅದರ ಲಾಭದ ಪಾಲನ್ನು ಬುಡಕಟ್ಟಿನ ಪ್ರತಿ ಸದಸ್ಯರಿಗೂ ಆರು ತಿಂಗಳಿಗೊಮ್ಮೆ ಹಂಚತೊಡಗಿದರು. ಯಾರೂ ಯೋಜಿಸದ ಪ್ರಯೋಗವೊಂದು ತಾನಾಗಿ ನಡೆದುಹೋಯಿತು. ಬಡತನದಿಂದ ಹೊರಬಂದ ಮನೆಗಳಲ್ಲಿ ಮಕ್ಕಳ ಹೊಡೆದಾಟ, ಕಳವು, ಹಠಮಾರಿತನದಂಥ ನಡತೆಯ ತೊಂದರೆಗಳು ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿದವು. ಇದಕ್ಕೆ ಮುಖ್ಯ ವಿವರಣೆಯಾಗಿ ಸಿಕ್ಕಿದ್ದು ಮಕ್ಕಳ ಮೇಲೆ ಹೆತ್ತವರ ನಿಗಾ ಹೆಚ್ಚಿದ್ದು. ಆ ತಂದೆ-ತಾಯಿಗೆ ಯಾರೂ ಮಕ್ಕಳನ್ನು ಬೆಳೆಸುವ ಪಾಠ ಹೇಳಿಕೊಟ್ಟಿರಲಿಲ್ಲ. ದುಡಿಮೆಯ ಒತ್ತಡ ತುಸು ಸಡಿಲವಾಗಿ ಬಿಡುವು ಸಿಕ್ಕಿತ್ತು, ಅಷ್ಟೇ. ಎರಡು ಪಾಳಿ ದುಡಿದು ಬಂದ ತಾಯಿಗೆ ಮಗನ ಗೆಳೆಯರ ಹೆಸರು ಗೊತ್ತಿಲ್ಲವೆಂದು ಬೈಯುವುದು ಸುಲಭ. ಆಕೆಯ ಹೊತ್ತನ್ನು ಯಾರು ಕಸಿದುಕೊಂಡರು ಎಂದು ಕೇಳುವುದು ಹೆಚ್ಚು ಪ್ರಾಮಾಣಿಕ.

ಇನ್ನೂ ಹಿಂದಕ್ಕೆ, ಮೂರು ವರ್ಷದ ಮಗುವಿನವರೆಗೆ ಹೋದರೆ ನಮಗೆ ಹತ್ತಿರದ ಉದಾಹರಣೆ ಮಾರಿಷಸ್‌ನದು. ಭಾರತ ಮೂಲದವರೇ ಹೆಚ್ಚಿರುವ ಆ ದ್ವೀಪದಲ್ಲಿ 1969-70ರಲ್ಲಿ ಹುಟ್ಟಿದ 1,795 ಮಕ್ಕಳನ್ನು ಏಡ್ರಿಯನ್ ರೇನ್ ಮತ್ತು ಸಂಗಡಿಗರು ಅಭ್ಯಸಿಸಿದ್ದಾರೆ. ಮೂರನೇ ವಯಸ್ಸಿನಲ್ಲಿ ಅಪೌಷ್ಟಿಕತೆ ಇದ್ದ ಮಕ್ಕಳಲ್ಲಿ ಎಂಟು, ಹನ್ನೊಂದು, ಹದಿನೇಳರ ವಯಸ್ಸಿನಲ್ಲೂ ಆಕ್ರಮಣಶೀಲತೆ ಹೆಚ್ಚಾಗಿತ್ತು. ಸುಮಾರು ನೂರು ಮಕ್ಕಳನ್ನು ಮೂರರಿಂದ ಐದರವರೆಗೆ ಎರಡು ವರ್ಷ ವಿಶೇಷ ಶಿಶುವಿಹಾರಕ್ಕೆ ಸೇರಿಸಿ, ಒಳ್ಳೆಯ ಊಟ, ದಿನವೂ ಆಟ-ನಡಿಗೆ, ತರಬೇತಾದ ಶಿಕ್ಷಕರು, ಆರೋಗ್ಯ ತಪಾಸಣೆ ಒದಗಿಸಿದರು. ಆ ಮಕ್ಕಳು ಇಪ್ಪತ್ತಮೂರು ವರ್ಷದವರಾದಾಗ ತಾವೇ ಹೇಳಿಕೊಂಡ ಅಪರಾಧಗಳು, ಸಾಮಾನ್ಯ ಶಿಶುವಿಹಾರಕ್ಕೆ ಹೋದ ಅವರಂಥದೇ ಮಕ್ಕಳಿಗಿಂತ ಕಡಿಮೆ ಇದ್ದವು. ಮೊದಲೇ ಅಪೌಷ್ಟಿಕರಾಗಿದ್ದವರಲ್ಲಿ ನಡತೆಯ ಸುಧಾರಣೆ ಇನ್ನೂ ಹೆಚ್ಚು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನಲ್ಲಿ 1962ರಿಂದ 123 ಬಡ ಕಪ್ಪು ಮಕ್ಕಳ ಮೇಲೆ ನಡೆದ ಪೆರ‍್ರಿ ಶಿಶುವಿಹಾರದ ಪ್ರಯೋಗವೂ ಇದನ್ನೇ ಹೇಳಿತು. ನಲವತ್ತರ ವಯಸ್ಸಿಗೆ ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಬಂಧನಕ್ಕೊಳಗಾದವರು ಶಿಶುವಿಹಾರಕ್ಕೆ ಹೋದವರಲ್ಲಿ ನೂರಕ್ಕೆ 36, ಹೋಗದವರಲ್ಲಿ ನೂರಕ್ಕೆ 55. ಮೊಟ್ಟೆ, ಹಾಲು, ಅಕ್ಷರ, ಆಟಗಳ ಜೊತೆಗೆ ದಿನವೂ ತನ್ನನ್ನು ಕಾಯುವ ಒಬ್ಬ ಹಿರಿಯ ವ್ಯಕ್ತಿ ಮಗುವಿಗೆ ಸಿಗುವ ಅಂಗನವಾಡಿ ಅಪರಾಧ ತಡೆಯ ಸಂಸ್ಥೆಯೂ ಹೌದು ಎಂದು ಗೃಹ ಇಲಾಖೆ ಎಂದಾದರೂ ಲೆಕ್ಕ ಹಾಕಿದೆಯೇ?

ಇಷ್ಟಾದರೂ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಬಡವರ ಮಕ್ಕಳೆಲ್ಲ ಕಳ್ಳರಾಗುವುದಿಲ್ಲವಲ್ಲ? ಒಂದೇ ಮನೆಯ ಅಣ್ಣ ಪೊಲೀಸರ ಕೈಗೆ ಸಿಕ್ಕರೆ ತಮ್ಮ ಎಂಜಿನಿಯರ್ ಆಗುವುದನ್ನೂ ನಾವು ಕಾಣುತ್ತೇವಲ್ಲ? ಹಾಗಿದ್ದರೆ ಇದೆಲ್ಲ ಅವರವರ ಆಯ್ಕೆಯಲ್ಲವೇ? ಬೀಡಿ ಸೇದುವವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಹಾಗೆಂದು ಬೀಡಿಗೂ ಕ್ಯಾನ್ಸರಿಗೂ ನಂಟಿಲ್ಲ ಎಂದು ಯಾರೂ ಹೇಳುವುದಿಲ್ಲ. ಅಪಾಯದ ಅಂಶವೆಂದರೆ ಸಂಭವವನ್ನು ಹೆಚ್ಚಿಸುವ ಅಂಶ, ಹಣೆಬರಹವಲ್ಲ. ಒಂದೇ ಅಪಾಯವಿರುವ ಮಗು ಬಹುಮಟ್ಟಿಗೆ ದಾಟಿಕೊಳ್ಳುತ್ತದೆ. ಬಡತನದ ಜೊತೆ ಕುಡುಕ ತಂದೆ, ಓದಿನ ಹಿನ್ನಡೆ, ಬೀದಿಯಲ್ಲಿ ಕಾದಿರುವ ಗುಂಪು ಎಲ್ಲ ಒಟ್ಟುಗೂಡಿದಾಗ ಸಂಭವ ಜಿಗಿಯುತ್ತದೆ. ಆಗಲೂ ನಂಬುವ ಅಜ್ಜಿ, ಬಿಟ್ಟುಕೊಡದ ಮೇಷ್ಟ್ರು, ಕೈಹಿಡಿದ ಕಸುಬು, ಇವುಗಳಲ್ಲಿ ಒಂದಿದ್ದರೂ ಹುಡುಗ ಉಳಿದುಕೊಳ್ಳಬಹುದು. ಆಯ್ಕೆ ಎಂಬುದು ಇಲ್ಲವೆಂದು ಈ ಅಧ್ಯಯನಗಳು ಹೇಳುತ್ತಿಲ್ಲ. ಎಲ್ಲ ಮಕ್ಕಳ ಮುಂದೂ ಒಂದೇ ಬಗೆಯ ಆಯ್ಕೆಗಳು ಇರುವುದಿಲ್ಲ, ಆಯ್ಕೆ ಮಾಡುವ ಸಾಮರ್ಥ್ಯವೂ ಕಲಿಸಿದರೆ ಬರುವಂಥದು ಎನ್ನುತ್ತಿವೆ.

ಆ ಸಾಮರ್ಥ್ಯವನ್ನು ಕಲಿಸಬಹುದೇ ಎಂದು ಶಿಕಾಗೋದ ಬಡ ಬಡಾವಣೆಗಳ ಶಾಲೆಗಳಲ್ಲಿ ಪರೀಕ್ಷಿಸಲಾಯಿತು. 'ಬಿಕಮಿಂಗ್ ಎ ಮ್ಯಾನ್' ಎಂಬ ಆ ಕಾರ್ಯಕ್ರಮದ ಮೊದಲ ದಿನಗಳ ಒಂದು ಅಭ್ಯಾಸ ಹೀಗಿದೆ. ಹುಡುಗರನ್ನು ಇಬ್ಬಿಬ್ಬರಾಗಿ ನಿಲ್ಲಿಸಿ ಒಬ್ಬನ ಕೈಗೆ ಚೆಂಡು ಕೊಟ್ಟು, ಮೂವತ್ತು ಸೆಕೆಂಡಿನಲ್ಲಿ ಅದನ್ನು ಪಡೆದುಕೊ ಎಂದು ಇನ್ನೊಬ್ಬನಿಗೆ ಹೇಳುತ್ತಾರೆ. ಬಹುತೇಕ ಎಲ್ಲರೂ ಎಳೆದಾಡುತ್ತಾರೆ, ಬೆರಳು ತಿರುಚುತ್ತಾರೆ, ನೆಲಕ್ಕೆ ಕೆಡವುತ್ತಾರೆ. ಸಮಯ ಮುಗಿದ ಮೇಲೆ ಮಾರ್ಗದರ್ಶಕರು, ಚೆಂಡು ಕೊಡು ಎಂದು ಯಾರಾದರೂ ಬಾಯಿಬಿಟ್ಟು ಕೇಳಿದಿರಾ ಎನ್ನುತ್ತಾರೆ. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಚೆಂಡು ಹಿಡಿದವನಿಗೂ ಪ್ರಶ್ನೆ ಹೋಗುತ್ತದೆ. ಕೊಡುತ್ತಿದ್ದೆ, ಅದು ಬರೀ ಚೆಂಡು ತಾನೇ ಎಂಬ ಉತ್ತರ ಬರುತ್ತದೆ. ಒಂದು ಕ್ಷಣ ನಿಂತು ಯೋಚಿಸುವ ಈ ಅಭ್ಯಾಸ ನಡೆದ ಅವಧಿಯಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಹುಡುಗರಲ್ಲಿ ಹಿಂಸಾಪ್ರಕರಣಗಳ ಬಂಧನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಶ್ರೀಮಂತ ದೇಶದಲ್ಲಿ ಮಾತ್ರ ಇದು ಸಾಧ್ಯ ಎನ್ನುವವರಿಗೆ ಲೈಬೀರಿಯಾದ ರಾಜಧಾನಿ ಮನ್ರೋವಿಯಾ ಉತ್ತರ ಕೊಡುತ್ತದೆ. ಅಂತರ್ಯುದ್ಧ ಕಂಡ ಆ ಊರಿನಲ್ಲಿ ಕಳವು, ಮಾದಕ ವಸ್ತುಗಳ ಮಾರಾಟದಲ್ಲಿ ತೊಡಗಿದ್ದ 999 ಯುವಕರ ನಡುವೆ ಕ್ರಿಸ್ ಬ್ಲಾಟ್‌ಮನ್ ಮತ್ತು ಸಂಗಡಿಗರು ಪ್ರಯೋಗ ನಡೆಸಿದರು. ಎಂಟು ವಾರಗಳ ಆಪ್ತಸಮಾಲೋಚನೆ, ಜೊತೆಗೆ 200 ಡಾಲರ್ ಹಣ, ಎರಡನ್ನೂ ಪಡೆದವರಲ್ಲಿ ಅಪರಾಧ ಗಣನೀಯವಾಗಿ ತಗ್ಗಿತು. ಹತ್ತು ವರ್ಷಗಳ ಬಳಿಕ ಹೋಗಿ ನೋಡಿದಾಗಲೂ ಆ ಪರಿಣಾಮ ಉಳಿದಿತ್ತು.

ಹೀಗೆಲ್ಲ ಹೇಳುವುದು ಅಪರಾಧಿಗಳ ಪರ ವಕಾಲತ್ತು, ನೊಂದವರ ಗತಿಯೇನು ಎಂಬ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು. 2012ರ ಡಿಸೆಂಬರಿನ ದೆಹಲಿ ಅತ್ಯಾಚಾರ ಪ್ರಕರಣದಲ್ಲಿ ಹದಿನೆಂಟು ತುಂಬಲು ಕೆಲವೇ ತಿಂಗಳಿದ್ದ ಆರೋಪಿಗೆ ಮೂರು ವರ್ಷದ ವಿಶೇಷ ಗೃಹವಾಸ ಮಾತ್ರ ಸಿಕ್ಕಿದಾಗ ದೇಶ ಕೆರಳಿದ್ದು ಸಹಜವೇ ಆಗಿತ್ತು. ಆ ಸಿಟ್ಟಿನಿಂದಲೇ ಬಾಲನ್ಯಾಯ ಕಾಯ್ದೆ 2015 ಬಂತು. ಹದಿನಾರರಿಂದ ಹದಿನೆಂಟರ ನಡುವಿನವರು ಘೋರ ಅಪರಾಧದ ಆರೋಪಕ್ಕೊಳಗಾದರೆ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಿ ವಯಸ್ಕರಂತೆ ವಿಚಾರಣೆಗೆ ಕಳಿಸಬಹುದು ಎಂದು ಅದು ಹೇಳುತ್ತದೆ. ಈ ದಾರಿಯನ್ನು ನಮಗಿಂತ ಮೊದಲೇ, ನಮಗಿಂತ ದೊಡ್ಡ ಪ್ರಮಾಣದಲ್ಲಿ ನಡೆದು ನೋಡಿದ ದೇಶ ಅಮೆರಿಕ. 1995ರಲ್ಲಿ ಜಾನ್ ಡಿಯೂಲಿಯೊ ಎಂಬ ವಿದ್ವಾಂಸರು, ಕರುಣೆಯಿಲ್ಲದ ಹದಿಹರೆಯದ ಅಪರಾಧಿಗಳ ದಂಡೇ ಬರಲಿದೆ ಎಂದು ಭವಿಷ್ಯ ನುಡಿದರು. ಆ ದಶಕದಲ್ಲಿ ರಾಜ್ಯದ ಮೇಲೆ ರಾಜ್ಯ ಬಾಲಕರನ್ನು ವಯಸ್ಕರ ನ್ಯಾಯಾಲಯಕ್ಕೆ ಕಳಿಸುವ ಕಾನೂನುಗಳನ್ನು ಮಾಡಿದವು ಅಥವಾ ಬಿಗಿ ಮಾಡಿದವು. ಆ ದಂಡು ಬರಲೇ ಇಲ್ಲ. ಬಾಲಕರ ಹಿಂಸಾಪರಾಧದ ಬಂಧನಗಳು 1994ರಲ್ಲೇ ತುದಿ ಮುಟ್ಟಿ ಇಳಿಯತೊಡಗಿದ್ದವು. ವಯಸ್ಕರ ವ್ಯವಸ್ಥೆಗೆ ಹೋದ ಬಾಲಕರು ಮತ್ತೆ ಹಿಂಸೆಗಿಳಿಯುವುದು ಹೆಚ್ಚು, ಕಡಿಮೆಯಲ್ಲ ಎಂದು ಅಮೆರಿಕದ ಸಾರ್ವಜನಿಕ ಆರೋಗ್ಯ ತಜ್ಞರ ಕಾರ್ಯಪಡೆ 2007ರಲ್ಲಿ ಎಲ್ಲ ಅಧ್ಯಯನಗಳನ್ನು ಜೋಡಿಸಿ ಹೇಳಿತು. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೆದರಿಸುವ ಕಾರ್ಯಕ್ರಮಗಳನ್ನು ಆಂಥೊನಿ ಪೆಟ್ರೊಸಿನೊ ಪರಿಶೀಲಿಸಿದಾಗಲೂ, ಬೆದರಿದ ಹುಡುಗರೇ ಹೆಚ್ಚು ತಪ್ಪು ಮಾಡಿದ್ದರು. ಮುಂದೆ ಇನ್ನೊಬ್ಬರು ನೋಯಬಾರದು ಎಂಬುದು ನೊಂದವರ ಮೊದಲ ಹಕ್ಕು. ಆ ಹಕ್ಕನ್ನು ಅಳತೆಗೋಲಾಗಿಟ್ಟುಕೊಂಡರೆ, ನಾವು ಗಟ್ಟಿ ಎಂದುಕೊಂಡ ದಾರಿಯೇ ದುರ್ಬಲವೆಂದು ಕಾಣುತ್ತದೆ.

ಹಾಗಾದರೆ ಬಿಗಿ ಬೇಡವೇ? ಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೊ ಅದನ್ನು ಹೇಗೆ ಬಳಸಬೇಕೆಂದು ತೋರಿಸಿತು. ಚೂರಿ ಇರಿತಕ್ಕೆ ಕುಖ್ಯಾತವಾಗಿದ್ದ ಆ ನಗರದಲ್ಲಿ 2005ರಲ್ಲಿ ಪೊಲೀಸರೇ ಹಿಂಸೆ ತಗ್ಗಿಸುವ ಪ್ರತ್ಯೇಕ ಘಟಕವನ್ನು ತೆರೆದರು. ಕ್ಯಾರಿನ್ ಮೆಕ್‌ಲಸ್ಕಿ ಮತ್ತು ಜಾನ್ ಕಾರ್ನೊಕನ್ ಅದರ ಹಿಂದಿದ್ದವರು. ಹಿಂಸೆಯನ್ನು ಹರಡುವ ರೋಗದಂತೆ ಕಂಡು, ಅದು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕಿದರು. 2008ರಿಂದ ಗುಂಪುಗಳ ಹುಡುಗರನ್ನು ನ್ಯಾಯಾಲಯದ ಸಭಾಂಗಣಕ್ಕೆ ಕರೆಸಲಾಯಿತು. ಹೊಡೆದಾಟ ನಿಲ್ಲಿಸದಿದ್ದರೆ ಇಡೀ ಗುಂಪಿನ ಮೇಲೆ ಕ್ರಮ ಎಂದು ಪೊಲೀಸರು ಎಚ್ಚರಿಸಿದರು. ಇರಿದ ಮುಖಗಳನ್ನು ಹೊಲಿಯುವ ಶಸ್ತ್ರವೈದ್ಯರು ಮಾತಾಡಿದರು, ಮಗನಿಗೆ ಆದದ್ದನ್ನು ತಾಯಿಯೊಬ್ಬರು ವಿವರಿಸಿದರು. ಕೊನೆಗೆ, ಬಿಡಲು ಸಿದ್ಧರಿದ್ದರೆ ಕರೆ ಮಾಡಿ ಎಂದು ದೂರವಾಣಿ ಸಂಖ್ಯೆ ಕೊಟ್ಟರು. ಆ ಕಡೆ ಓದು, ತರಬೇತಿ, ಉದ್ಯೋಗದ ನೆರವು ಕಾದಿತ್ತು. ಶಾಲೆಗಳಿಂದ ಹೊರಹಾಕುವುದನ್ನೂ ಸ್ಕಾಟ್ಲೆಂಡ್ ಗಣನೀಯವಾಗಿ ತಗ್ಗಿಸಿತು. ಮುಂದಿನ ಒಂದು ದಶಕದಲ್ಲಿ ಅಲ್ಲಿನ ಕೊಲೆಗಳ ಸಂಖ್ಯೆ ಅರ್ಧದ ಆಸುಪಾಸಿಗೆ ಇಳಿಯಿತು. ಇದೆಲ್ಲ ಒಂದೇ ಘಟಕದ ಕೆಲಸವೆಂದು ಹೇಳಲಾಗದು. ಆದರೆ ಎಚ್ಚರಿಕೆಯ ಜೊತೆಗೇ ಹೊರದಾರಿಯನ್ನೂ ಇಟ್ಟ ನಗರ ಹೆಚ್ಚು ಸುರಕ್ಷಿತವಾಯಿತು, ಮೆತ್ತಗಾಗಲಿಲ್ಲ.

ಇನ್ನೊಂದು ಆಕ್ಷೇಪ ಎದುರಿನ ದಿಕ್ಕಿನಿಂದ ಬರುತ್ತದೆ. ಅಪಾಯದ ಅಂಶಗಳು ಗೊತ್ತಿವೆಯೆಂದರೆ ನಾಳೆ ಬಡವರ, ಕೈದಿಗಳ, ಕೆಲವು ಜಾತಿ-ಸಮುದಾಯಗಳ ಮಕ್ಕಳ ಪಟ್ಟಿ ಮಾಡಿ ಠಾಣೆಗೆ ಕೊಡುತ್ತಾರೆ ಎಂಬ ಭಯ ಅದು. 1871ರಲ್ಲಿ ಬ್ರಿಟಿಷರು ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳೆಂದು ಕಾಯ್ದೆ ಮಾಡಿದ ದೇಶದಲ್ಲಿ ಈ ಭಯ ಕಾಲ್ಪನಿಕವಲ್ಲ. ಸಾಕ್ಷ್ಯವೂ ಈ ಭಯದ ಪರವಾಗಿಯೇ ಇದೆ. ಅಪಾಯಗಳ ನಡುವೆ ಬೆಳೆದ ಮಕ್ಕಳಲ್ಲೂ ಬಹುತೇಕರು ಗಂಭೀರ ಅಪರಾಧಿಗಳಾಗುವುದಿಲ್ಲ, ಆದ್ದರಿಂದ ಅಂಥ ಯಾವ ಪಟ್ಟಿಯೂ ಸರಿ ಹೆಸರುಗಳಿಗಿಂತ ತಪ್ಪು ಹೆಸರುಗಳಿಂದಲೇ ತುಂಬಿರುತ್ತದೆ. ಹೆಸರು ಹಚ್ಚುವುದೇ ಹೊಸ ಅಪಾಯವೆಂದು ಎಡಿನ್‌ಬರೋ ಹೇಳಿದೆ. ಈ ತಿಳಿವಳಿಕೆಯನ್ನು ಬಳಸಬೇಕಾದದ್ದು ಮಕ್ಕಳನ್ನು ಗುರುತು ಹಾಕಲು ಅಲ್ಲ. ಯಾವ ಓಣಿಯಲ್ಲಿ ಅಂಗನವಾಡಿ ಬಲವಾಗಬೇಕು, ಯಾವ ಶಾಲೆಗೆ ಆಪ್ತಸಮಾಲೋಚಕರು ಬೇಕು, ಯಾವ ವಸತಿಯಲ್ಲಿ ಸಂಜೆ ಆಟದ ಮೈದಾನ ತೆರೆದಿರಬೇಕು ಎಂದು ತೀರ್ಮಾನಿಸಲು. ಎಲ್ಲ ಮಕ್ಕಳಿಗೂ ಸಲ್ಲುವ ಸೇವೆಯಿಂದ ಯಾವ ಮಗುವಿಗೂ ಕಳಂಕ ತಟ್ಟುವುದಿಲ್ಲ.

ನಮ್ಮ ರಾಜ್ಯದಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಕಡ್ಡಾಯ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. 2016ರ ತಿದ್ದುಪಡಿಯ ಬಳಿಕ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕು ದಾಟಿದವರಿಗೆ ಅಪಾಯಕಾರಿ ಕೆಲಸಗಳನ್ನು ಮಾತ್ರ ನಿಷೇಧಿಸುತ್ತದೆ. ರೋಮಾಂಚನದ ಬಯಕೆ ಏರುವ, ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿಯದ ವಯಸ್ಸಿಗೆ ಸರಿಯಾಗಿ ನಮ್ಮ ಕಾನೂನು ಕೈಬಿಡುತ್ತದೆ. ದೇಶದಲ್ಲಿ ಕಾನೂನಿನ ಸಂಘರ್ಷಕ್ಕೆ ಸಿಕ್ಕ ಬಾಲಕರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಹದಿನಾರರಿಂದ ಹದಿನೆಂಟರ ನಡುವಿನವರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರಲ್ಲಿ ಬಹುಪಾಲು ಅನಾಥರಲ್ಲ, ಹೆತ್ತವರ ಜೊತೆಯಲ್ಲೇ ಇರುವವರು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಕೊಡುವ ಪದ್ಧತಿ ಈ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ. ಆದರೆ ಒಂಬತ್ತನೇ ತರಗತಿಯಲ್ಲೇ ಬರುವುದು ನಿಲ್ಲಿಸಿದ ಹುಡುಗನ ಮನೆಗೆ ಹೋಗಿ, ಯಾಕೆ ಬರುತ್ತಿಲ್ಲ ಎಂದು ಕೇಳುವ ಹೊಣೆ ಯಾರದು? ಬಾಲನ್ಯಾಯ ಮಂಡಳಿಯ ಮುಂದೆ ಹುಡುಗ ಬಂದಾಗ ಅವನ ಮನೆ, ಶಾಲೆ, ಸಹವಾಸದ ಕುರಿತು ಸಾಮಾಜಿಕ ತನಿಖಾ ವರದಿ ಬರೆಯಬೇಕಾದವರು ಪ್ರೊಬೇಷನ್ ಅಧಿಕಾರಿ. ಅದು ನಮೂನೆ ತುಂಬುವ ಕೆಲಸವಾದರೆ, ಕಾಯ್ದೆಯ ಆಶಯವೆಲ್ಲ ಆ ಕಾಗದದಲ್ಲೇ ಮುಗಿದುಹೋಗುತ್ತದೆ. ಪ್ರಾಥಮಿಕ ಮೌಲ್ಯಮಾಪನ ಬಹಳ ನಾಜೂಕಿನ ಕೆಲಸ, ಅದಕ್ಕೆ ಪರಿಣತರ ನೆರವೂ ಮಾರ್ಗಸೂಚಿಯೂ ಬೇಕು ಎಂದು ಸುಪ್ರೀಂ ಕೋರ್ಟ್ ಕೂಡ 2022ರಲ್ಲಿ ಹೇಳಿತು.

ಅರವತ್ತು ವರ್ಷಗಳ ಸಾಕ್ಷ್ಯ ಕೊಡುವ ತೀರ್ಪು ಸರಳವಾಗಿದೆ. ಹದಿನೇಳನೇ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಅಪರಾಧಕ್ಕೆ ಮೂರನೇ ವಯಸ್ಸಿನಲ್ಲಿ, ಎಂಟನೇ ವಯಸ್ಸಿನಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ತಡೆಯೊಡ್ಡಲು ಅವಕಾಶಗಳಿದ್ದವು, ಹಲವು ದೇಶಗಳು ಅವನ್ನು ಬಳಸಿಕೊಂಡವು. ತಪ್ಪಿದ ಮೇಲೂ ಶಾಲೆಗೆ, ಮನೆಗೆ, ದುಡಿಮೆಗೆ ಮರಳುವ ದಾರಿ ತೆರೆದಿಟ್ಟವು. ಶಿಕ್ಷೆಯ ವಯಸ್ಸು ಎಷ್ಟಿರಬೇಕು ಎಂಬ ಚರ್ಚೆಗೆ ನಮ್ಮ ಶಾಸನಸಭೆಗಳು ಕೊಡುವ ಸಮಯದಲ್ಲಿ ಒಂದು ಪಾಲನ್ನು ಅಂಗನವಾಡಿ ಕಾರ್ಯಕರ್ತೆಯ ಗೌರವಧನಕ್ಕೆ, ಪ್ರೌಢಶಾಲೆ ಬಿಟ್ಟವರ ಲೆಕ್ಕಕ್ಕೆ, ಪ್ರೊಬೇಷನ್ ಅಧಿಕಾರಿಗಳ ನೇಮಕಕ್ಕೆ ಕೊಡಲಿ. ನಿಮ್ಮ ಕ್ಷೇತ್ರದ ಶಾಸಕರನ್ನು ಮುಂದಿನ ಬಾರಿ ಕಂಡಾಗ ಈ ಮೂರನ್ನು ಕೇಳಿ: ನಮ್ಮ ತಾಲ್ಲೂಕಿನಲ್ಲಿ ಈ ವರ್ಷ ಎಂಟು, ಒಂಬತ್ತು, ಹತ್ತನೇ ತರಗತಿಯಿಂದ ಹೊರಬಿದ್ದ ಮಕ್ಕಳೆಷ್ಟು, ಅವರ ಮನೆಗೆ ಹೋದವರು ಯಾರು, ಅವರಲ್ಲಿ ಮರಳಿ ಬಂದವರೆಷ್ಟು?